ನಕ್ಷತ್ರಕ್ಕೆ ಹೆಸರು ಹುಡುಕಿಕೊಡುವ ಆ್ಯಪ್‌ಗಳು: ಪಾದದವರೆಗೆ ಸರಿ, ಅಕ್ಷರಕ್ಕೆ ಬಂದರೆ ಎಡವಟ್ಟು

ಮಗು ಹುಟ್ಟಿದ ತಾರೀಖು, ಹೊತ್ತು, ಊರು ತುಂಬಿದರೆ ಸಾಕು, ನಕ್ಷತ್ರ, ಪಾದ (ನಕ್ಷತ್ರದ ನಾಲ್ಕನೇ ಒಂದು ಭಾಗ), ಆ ಪಾದಕ್ಕೆ ಹೇಳಿದ ಹೆಸರಿನ ಮೊದಲಕ್ಷರ, ಜೊತೆಗೆ ಉದ್ದನೆಯ ಹೆಸರಿನ ಪಟ್ಟಿ ಎಲ್ಲವೂ ಫೋನಿನಲ್ಲೇ ಬಂದುಬಿಡುತ್ತವೆ. ಇಂಥ ಆ್ಯಪ್, ಜಾಲತಾಣಗಳು ಈಗ ಬೇಕಾದಷ್ಟಿವೆ. ಹೆಚ್ಚಿನವು ಪುಕ್ಕಟೆ, ಜಾತಕ, ಸಂಖ್ಯಾಶಾಸ್ತ್ರ ಬೇಕೆಂದರೆ ದುಡ್ಡು. ಕನ್ನಡದ ಮನೆಯವರು ಇವುಗಳಿಂದ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಅಲ್ಲೇ ಬಿಡಬೇಕು ಅನ್ನುವುದಷ್ಟೇ ಇಲ್ಲಿಯ ವಿಷಯ.

ನಕ್ಷತ್ರ, ಪಾದದ ಲೆಕ್ಕವನ್ನು ಇವು ಚೆನ್ನಾಗಿಯೇ ಮಾಡುತ್ತವೆ. ತಪ್ಪುವುದು ನಾವು ತುಂಬುವ ಕಡೆ. ಮಧ್ಯರಾತ್ರಿ ಕಳೆದು 12.20ಕ್ಕೆ ಹುಟ್ಟಿದ ಮಗುವಿಗೆ ಹಿಂದಿನ ದಿನದ ತಾರೀಖು ಹಾಕಿದರೆ ಹೆಚ್ಚುಕಡಿಮೆ ಇಡೀ ಒಂದು ನಕ್ಷತ್ರವೇ ಹಿಂದೆ ಹೋಗುತ್ತದೆ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಹುಟ್ಟಿದ ಮಗುವಿಗೆ ಊರು ಬದಲಿಸದೆ ಬೆಂಗಳೂರನ್ನೇ ಬಿಟ್ಟರೂ ಲೆಕ್ಕ ತಪ್ಪುತ್ತದೆ, ಪಾದ ಬದಲಾಗಬಹುದು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದನ್ನು ಆ್ಯಪ್ ಲೆಕ್ಕಕ್ಕೆ ಹಿಡಿದಿದೆಯೇ ಎಂದು ನೋಡಿಕೊಳ್ಳಿ.

ಪಂಚಾಂಗ ಇಟ್ಟುಕೊಂಡು ತಾಳೆ ನೋಡುವುದು ಕಷ್ಟವಲ್ಲ. ನಕ್ಷತ್ರ ಶುರುವಾದ ಹೊತ್ತಿನಿಂದ ಮುಗಿಯುವ ಹೊತ್ತಿಗೆ ಎಷ್ಟು ಗಂಟೆ ನೋಡಿ ನಾಲ್ಕರಿಂದ ಭಾಗಿಸಿ. ರೋಹಿಣಿ ಸೋಮವಾರ ಸಂಜೆ 4ಕ್ಕೆ ಬಂದು ಮಂಗಳವಾರ ಸಂಜೆ 5ಕ್ಕೆ ಮುಗಿಯುತ್ತದೆ ಅನ್ನಿ. ಒಟ್ಟು 25 ಗಂಟೆ, ಒಂದು ಪಾದಕ್ಕೆ 6 ಗಂಟೆ 15 ನಿಮಿಷ. ರಾತ್ರಿ 2ಕ್ಕೆ ಹುಟ್ಟಿದರೆ ಕಳೆದದ್ದು 10 ಗಂಟೆ, ಅಂದರೆ ಎರಡನೇ ಪಾದ, ಅಕ್ಷರ ‘ವ’. ಪಂಚಾಂಗದ ದಿನ ಸೂರ್ಯೋದಯದಿಂದ ಶುರು, ಆದ್ದರಿಂದ ಈ ಮಗುವಿಗೆ ನೋಡಬೇಕಾದದ್ದು ಸೋಮವಾರದ ಸಾಲು. ಹೊತ್ತನ್ನು ಘಳಿಗೆಯಲ್ಲಿ ಕೊಟ್ಟಿದ್ದರೆ ಒಂದು ಘಳಿಗೆಗೆ 24 ನಿಮಿಷ. ಹುಟ್ಟಿದ ಹೊತ್ತು ಪಾದದ ಅಂಚಿನಲ್ಲಿದ್ದರೆ ಸೂರ್ಯಸಿದ್ಧಾಂತದ (ಹಳೆಯ ಗ್ರಂಥದ ಲೆಕ್ಕದ) ಪಂಚಾಂಗ ಒಂದು ಹೇಳುತ್ತದೆ, ದೃಗ್ಗಣಿತದ್ದು (ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವ ಲೆಕ್ಕದ್ದು) ಇನ್ನೊಂದು. ಆ್ಯಪ್‌ಗಳು ಸಾಮಾನ್ಯವಾಗಿ ದೃಗ್ಗಣಿತದವು. ಮನೆಯಲ್ಲಿ ಹಬ್ಬ ಹರಿದಿನಕ್ಕೆ, ಶ್ರಾದ್ಧಕ್ಕೆ ಯಾವ ಪಂಚಾಂಗವೋ ಹೆಸರಿಗೂ ಅದನ್ನೇ ಹಿಡಿಯಿರಿ.

ಅಕ್ಷರಕ್ಕೆ ಬಂದಾಗ ಆ್ಯಪ್ ಕೈಕೊಡುತ್ತದೆ. ಕಾರಣ ಸರಳ, ಒಳಗಿರುವ ಪಟ್ಟಿ ಇಂಗ್ಲಿಷ್ ಲಿಪಿಯದು. ಪುಷ್ಯ ನಾಲ್ಕನೇ ಪಾದಕ್ಕೆ ‘ಡ’, ಪೂರ್ವಾಭಾದ್ರ ಮೂರನೇ ಪಾದಕ್ಕೆ ‘ದ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ. ಹಾಗಾಗಿ ಪುಷ್ಯದ ಮಗುವಿಗೆ ದರ್ಶನ್, ದಯಾನಂದ, ದಕ್ಷ ಎಂದು ಸಾಲುಗಟ್ಟಿ ಬರುತ್ತವೆ. ಅಕ್ಷರ ಮಾತ್ರವಲ್ಲ, ರಾಶಿಯೇ ಬೇರೆ: ಪುಷ್ಯ ಕರ್ಕಾಟಕ, ಪೂರ್ವಾಭಾದ್ರದ ಆ ಪಾದ ಕುಂಭ. ಪುಬ್ಬ ಎರಡನೇ ಪಾದದ ‘ಟ’ಕ್ಕೂ ಸ್ವಾತಿ ನಾಲ್ಕನೇ ಪಾದದ ‘ತ’ಕ್ಕೂ ಅದೇ ತನ್ಮಯ, ತನುಜಾ. ಆರ್ದ್ರಾ ಮೂರನೇ ಪಾದ ‘ಙ’, ಹಸ್ತ ಮೂರನೇ ಪಾದ ‘ಣ’, ಅನುರಾಧಾ ಮೊದಲ ಪಾದ ‘ನ’. ಮೂವರಿಗೂ ನವೀನ, ನಂದಿನಿ!

ಙ, ಣ ಅಕ್ಷರದಿಂದ ಹೆಸರೇ ಇಲ್ಲವಲ್ಲ ಎಂದು ಗಾಬರಿಯಾಗಬೇಕಿಲ್ಲ. ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳುವುದು ವಾಡಿಕೆ. ಆರ್ದ್ರಾಕ್ಕೆ ‘ಕು’ ಇದೆ, ಹಸ್ತಕ್ಕೆ ‘ಪು’, ಪುಷ್ಯದ ‘ಡ’ ಬೇಡವಾದವರಿಗೆ ‘ಹೆ’. ಹ್ರಸ್ವ ದೀರ್ಘ ಎರಡೂ ನಡೆಯುವುದರಿಂದ ಹೇಮಾ, ಹೇಮಂತ ಸಲ್ಲುತ್ತವೆ. ಈ ಮೂರು ನಕ್ಷತ್ರಗಳ ನಾಲ್ಕೂ ಪಾದ ಒಂದೇ ರಾಶಿಯಲ್ಲಿರುವುದರಿಂದ ರಾಶಿಯೂ ಕೆಡುವುದಿಲ್ಲ. ಎರಡು ರಾಶಿಗೆ ಹಂಚಿಹೋಗುವ ನಕ್ಷತ್ರಗಳಲ್ಲಿ ಮಾತ್ರ ಜೋಕೆ: ಕೃತ್ತಿಕೆಯ ಮೊದಲ ಪಾದ ಮೇಷ, ಉಳಿದ ಮೂರು ವೃಷಭ.

ಶ್ರವಣದ್ದು ಬೇರೆಯೇ ಗೊಂದಲ. ನಮ್ಮ ಕಡೆಯ ಪಂಚಾಂಗಗಳಲ್ಲಿ ಶ್ರವಣಕ್ಕೆ ಜು, ಜೆ, ಜೊ, ಖ. ಉತ್ತರ ಭಾರತದ ಪದ್ಧತಿಯಲ್ಲಿ ಆ ನಾಲ್ಕು ಅಭಿಜಿತ್ ಎಂಬ ಹೆಚ್ಚುವರಿ ನಕ್ಷತ್ರಕ್ಕೆ ಹೋಗಿ ಶ್ರವಣಕ್ಕೆ ಖಿ, ಖು, ಖೆ, ಖೊ ಉಳಿಯುತ್ತವೆ. ಆ್ಯಪ್ ಶ್ರವಣದ ನಾಲ್ಕೂ ಪಾದಕ್ಕೆ ಬರೀ ‘ಖ’ ಕಾರ ತೋರಿಸಿದರೆ ಅದು ಉತ್ತರದವರ ಪಟ್ಟಿ ಎಂದು ಗೊತ್ತುಮಾಡಿಕೊಳ್ಳಬಹುದು.

ಇನ್ನು ಹೆಸರಿನ ಪಟ್ಟಿ. ಇದು ಅತಿ ದುರ್ಬಲ ಭಾಗ. ಕೊಟ್ಟೂರಿನ ಒಕ್ಕಲಿಗೆ ಕೊಟ್ರೇಶ, ಮಾದಪ್ಪನ ಒಕ್ಕಲಿಗೆ ಮಾದೇಶ, ಕೊಪ್ಪಳದ ಕಡೆ ಗವಿಸಿದ್ದಪ್ಪ, ಸವದತ್ತಿಗೆ ನಡೆದುಕೊಳ್ಳುವವರಲ್ಲಿ ಯಲ್ಲಪ್ಪ, ಯಲ್ಲವ್ವ: ಇವು ಯಾವ ನಕ್ಷತ್ರ ಕೇಳಿಯೂ ಇಟ್ಟ ಹೆಸರುಗಳಲ್ಲ, ಮನೆದೇವರ ಹೆಸರು. ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆಗಳಿಗೂ ಇವು ಉಪಯೋಗಕ್ಕಿಲ್ಲ. ಅಲ್ಲಿಯ ತೊಡಕೇ ಬೇರೆ, ಮಾವನ ಹೆಸರು ಹಿಡಿದು ಮಗುವನ್ನು ಗದರಿಸಲು ಸೊಸೆಗೆ ಬಾಯಿ ಬರುವುದಿಲ್ಲ, ಕರೆಯಲಿಕ್ಕೆ ಅಪ್ಪಾಜಿ, ಪುಟ್ಟ ಎಂದು ಇನ್ನೊಂದು ಹೆಸರು ಬೇಕಾಗುತ್ತದೆ.

ಶಾಸ್ತ್ರದಂತೆ ನಾಮಕರಣ ಮಾಡಿಸುವವರಿಗೆ ಒಂದಲ್ಲ, ನಾಲ್ಕು ಹೆಸರು ಬೇಕು: ದೇವತಾನಾಮ, ಮಾಸನಾಮ (ಹುಟ್ಟಿದ ತಿಂಗಳಿಗೆ ಹೇಳಿದ ವಿಷ್ಣುವಿನ ಹೆಸರು), ನಕ್ಷತ್ರನಾಮ, ವ್ಯಾವಹಾರಿಕ ನಾಮ. ಆ್ಯಪ್ ಕೊಡುವುದು ಮೂರನೆಯದಕ್ಕೆ ಸಂಬಂಧಿಸಿದ್ದು. ಅದನ್ನೇ ಶಾಲೆಗೆ ಕೊಡಬೇಕೆಂಬ ನಿಯಮವಿಲ್ಲ, ಆದ್ದರಿಂದ ಅಕ್ಷರಕ್ಕಾಗಿ ತಲೆ ಕೆಡಿಸಿಕೊಂಡು ಯಾರಿಗೂ ಹೇಳಲು ಬಾರದ ಹೆಸರು ಹುಡುಕುವುದು ವ್ಯರ್ಥ. ಮಾಸನಾಮದಲ್ಲಿ ಎರಡು ಪಾಠವಿದೆ. ಮಾರ್ಗಶಿರಕ್ಕೆ ಕೇಶವ ಎಂದು ಶುರುಮಾಡುವುದು ಒಂದು, ಕೃಷ್ಣ, ಅನಂತ, ಅಚ್ಯುತ ಎಂದು ಎಣಿಸುವುದು ಇನ್ನೊಂದು. ಪುರೋಹಿತರನ್ನು ಗೊತ್ತು ಮಾಡುವಾಗಲೇ ನಿಮ್ಮ ಸೂತ್ರ (ಮನೆತನ ಅನುಸರಿಸುವ ವೈದಿಕ ವಿಧಿಗಳ ಗ್ರಂಥ) ಆಶ್ವಲಾಯನವೋ ಆಪಸ್ತಂಬವೋ ಹೇಳಿ, ನಾಲ್ಕೂ ಹೆಸರು ಚೀಟಿಯಲ್ಲಿ ಬರೆದು ಕೊಡಿ. ಅಕ್ಕಿ ಹರಡಿದ ತಟ್ಟೆಯ ಮೇಲೆ ಉಂಗುರದಲ್ಲಿ ಬರೆಯುವಾಗ ಸಣ್ಣ ತಟ್ಟೆಯಾದರೆ ನಾಲ್ಕು ಸಾಲು ಹಿಡಿಸುವುದಿಲ್ಲ, ಅಗಲದ ಹರಿವಾಣವೇ ಇರಲಿ. ಗಂಡುಮಗುವಿಗೆ ಎರಡು ಅಥವಾ ನಾಲ್ಕು ಅಕ್ಷರ, ಹೆಣ್ಣುಮಗುವಿಗೆ ಮೂರೋ ಐದೋ ಅಕ್ಷರ ಇರಬೇಕೆಂಬ ಗೃಹ್ಯಸೂತ್ರದ ನಿಯಮವನ್ನೂ ಆ್ಯಪ್‌ಗಳು ಸೋಸುವುದಿಲ್ಲ.

ಸಂಖ್ಯಾಶಾಸ್ತ್ರದ ದುಡ್ಡಿನ ಸೇವೆ ಬೇಡವೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಅದು ಇಂಗ್ಲಿಷ್ ಕಾಗುಣಿತಕ್ಕೆ ಒಂದೆರಡು ಅಕ್ಷರ ಸೇರಿಸಿ ಕೊಡುತ್ತದೆ, ಅದು ಜನನ ಪ್ರಮಾಣಪತ್ರಕ್ಕೆ ಹೋಗಿ ಕೂರುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಹುಟ್ಟಿದ ದಿನ ಊರು ತೋರಿಸಲು ಆ ಪತ್ರವೇ ಆಧಾರ. ಜನನ ನೋಂದಣಿಗೆ 21 ದಿನ, ಹೆಸರಿಲ್ಲದೆಯೂ ಮಾಡಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ. ಆಸ್ಪತ್ರೆಯವರು ಕೇಳಿದರೆಂದು ಅವಸರಕ್ಕೆ ಯಾವುದೋ ಹೆಸರು ಬರೆಸಬೇಡಿ. ಹೆಸರು ಸೇರಿಸುವ ದಿನ ಕನ್ನಡ, ಇಂಗ್ಲಿಷ್ ಎರಡೂ ಸಾಲನ್ನು ಓದಿ, ‘ಶ’ ಇರಬೇಕಾದಲ್ಲಿ ‘ಷ’ ಬಿದ್ದಿದ್ದರೆ ಅಲ್ಲೇ ತಿದ್ದಿಸಿ.