ಅರಿಶಿನದ ಕ್ಯಾಪ್ಸೂಲ್: ಬಾಟಲಿ ತಿರುಗಿಸಿ ನೋಡಿ, ಆಮೇಲೆ ಕೊಳ್ಳಿ

ಮಂಡಿನೋವಿಗೆ ಅಂತ ಅರಿಶಿನದ ಸಾರದ ಕ್ಯಾಪ್ಸೂಲ್ ಶುರು ಮಾಡಿದ್ದೆ, ಈಗ ಎರಡನೇ ಬಾಟಲಿ ನಡೆಯುತ್ತಿದೆ. ಕೆಲಸ ಮಾಡುತ್ತದಾ? ಸ್ವಲ್ಪ ಮಾಡುತ್ತದೆ. ಬೆಳಗ್ಗೆ ಏಳುವಾಗಿನ ಬಿಗಿತ, ಊತ ಕಡಿಮೆಯಾಗಿದೆ. ಮೆಟ್ಟಿಲು ಇಳಿಯುವಾಗಿನ ನೋವು ಹಾಗೇ ಇದೆ. ನೋವಿನ ಮಾತ್ರೆಯ ತರಹ ನುಂಗಿದ ತಕ್ಷಣ ಆರಾಮ ಸಿಗುತ್ತದೆ ಅಂತ ಕಾದರೆ ದುಡ್ಡು ದಂಡ ಅನ್ನಿಸುತ್ತದೆ, ಇದು ನಿಧಾನ.

ಕೊಳ್ಳುವ ಮುಂಚೆ ಬಾಟಲಿಯ ಹಿಂದೆ ಓದಿ. ನನ್ನದರಲ್ಲಿ ಒಂದು ಕ್ಯಾಪ್ಸೂಲ್‌ಗೆ 500 ಮಿ.ಗ್ರಾಂ ಸಾರ, ಅದರಲ್ಲಿ 95% ಕರ್ಕ್ಯುಮಿನಾಯ್ಡ್ (ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಮತ್ತು ಅದರ ಗುಂಪಿನ ಅಂಶಗಳು), ಜೊತೆಗೆ ಕಾಳುಮೆಣಸಿನ ಖಾರದ ಅಂಶವಾದ ಪಿಪರೀನ್ 5 ಮಿ.ಗ್ರಾಂ. ಅಂಗಡಿಯಲ್ಲಿ ಪಕ್ಕದಲ್ಲೇ ಇನ್ನೊಂದು ಕಂಪನಿಯದು ಇತ್ತು, ಮುಂದುಗಡೆ ದಪ್ಪಕ್ಷರದಲ್ಲಿ 1500 ಮಿ.ಗ್ರಾಂ ಅಂತ ಬರೆದಿದ್ದಾರೆ, ತಿರುಗಿಸಿ ನೋಡಿದರೆ ಅದು ಮೂರು ಕ್ಯಾಪ್ಸೂಲ್ ಸೇರಿಸಿದ ಲೆಕ್ಕ, ಅದರಲ್ಲೂ ಮುಕ್ಕಾಲು ಪಾಲು ಬರೀ ಅರಿಶಿನ ಪುಡಿ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು 3%. ಹುಳಿಗೆ ಹಾಕುವ ಅರಿಶಿನಕ್ಕೆ ಆರುನೂರು ರೂಪಾಯಿ ಯಾಕೆ ಕೊಡಬೇಕು ಹೇಳಿ!

ಅರಿಶಿನ ಹಾಲು ಕುಡಿದರೆ ಸಾಲದಾ ಅಂತ ಕೇಳುವವರಿಗೂ ಇದೇ ಲೆಕ್ಕ. ಒಂದು ಚಮಚ ಪುಡಿಯಲ್ಲಿ ಕರ್ಕ್ಯುಮಿನ್ ನೂರು ಮಿ.ಗ್ರಾಂ ಕೂಡ ಇರುವುದಿಲ್ಲ. ಹಾಲು ಸುಮ್ನೆ ಗಂಟಲಿಗೆ ಹಿತ, ಅಷ್ಟೇ.

ಪಿಪರೀನ್ ಯಾಕೆ ಬೇಕು ಅಂದರೆ, ಕರ್ಕ್ಯುಮಿನ್ ಒಂದನ್ನೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪಿಪರೀನ್ ಕೊಟ್ಟು ನೋಡಿದಾಗ ಅದು ಸುಮಾರು 20 ಪಟ್ಟು ಹೆಚ್ಚು ಸೇರಿತು. ಈಗ ಪ್ರಪಂಚದಾದ್ಯಂತ ಬಾಟಲಿಗಳ ಮೇಲೆ ಕಾಣುವ 2000% ಅನ್ನೋದು ಅಲ್ಲಿಂದಲೇ ಬಂದದ್ದು. ಕರ್ಕ್ಯುಮಿನ್ ಎಣ್ಣೆ ಜಿಡ್ಡಿನಲ್ಲಿ ಕರಗುತ್ತದೆ, ಹಾಗಾಗಿ ನಾನು ಊಟದ ಜೊತೆ, ತುಪ್ಪ ಹಾಕಿಕೊಂಡ ಅನ್ನದ ಮೇಲೆ ತೆಗೆದುಕೊಳ್ಳುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬೇಡ, ಮಧ್ಯಾಹ್ನದವರೆಗೂ ಮೆಣಸಿನ ತೇಗು ಬರುತ್ತದೆ.

ಊತ ಇಳಿಸುವ ವಿಷಯದಲ್ಲಿ ಜಾಹೀರಾತಿನವರು ಹೇಳುವಷ್ಟು ಪವಾಡ ಇಲ್ಲ, ಹಾಗಂತ ಪೂರ್ತಿ ಸುಳ್ಳೂ ಅಲ್ಲ. 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ ಮಂಡಿ ಸವೆತದ 367 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿ.ಗ್ರಾಂ ಅರಿಶಿನದ ಸಾರ, ಉಳಿದವರಿಗೆ 1200 ಮಿ.ಗ್ರಾಂ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ನಾಲ್ಕು ವಾರ ಕೊಟ್ಟರು. ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ ಸಮ, ಹೊಟ್ಟೆನೋವಿನ ತಕರಾರು ಐಬುಪ್ರೊಫೆನ್‌ನವರಲ್ಲೇ ಜಾಸ್ತಿ. ಗ್ಯಾಸ್ಟ್ರಿಕ್ ಇರುವ ನನಗೆ ಅದೇ ಮುಖ್ಯ. ಸವೆದ ಮಂಡಿ ಮತ್ತೆ ಬೆಳೆಯುತ್ತದೆ ಅಂತ ಮಾರುವವರನ್ನು ಮಾತ್ರ ನಂಬಬೇಡಿ.

ಕ್ಯಾಪ್ಸೂಲ್ ಬಿಚ್ಚಿ ನೋಡಿದೆ. ಕಿತ್ತಳೆ ಬಣ್ಣದ ನುಣುಪು ಪುಡಿ, ಅಡುಗೆಮನೆಯ ಅರಿಶಿನದ ಘಮ ಇಲ್ಲವೇ ಇಲ್ಲ. ಬೆರಳಿಗೆ ಹತ್ತಿದ್ದು ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ.

ಗಿಡಮೂಲಿಕೆ ಅಲ್ವಾ, ಏನಾಗುತ್ತದೆ ಅನ್ನಬೇಡಿ. ಅಮೆರಿಕದಲ್ಲಿ 2022ರಲ್ಲಿ ಅರಿಶಿನದ ಸಪ್ಲಿಮೆಂಟಿನಿಂದ ಯಕೃತ್ತಿಗೆ ಪೆಟ್ಟಾದ 10 ಜನರ ವರದಿ ಬಂತು, ಅವರಲ್ಲಿ ಒಬ್ಬರು ತೀರಿಕೊಂಡರು. ಇಂಥದ್ದು ಅಪರೂಪ, ನಿಜ. ಆದರೂ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಪಿತ್ತಕೋಶದಲ್ಲಿ ಕಲ್ಲಿದ್ದವರು ಕೇಳಿಯೇ ತೆಗೆದುಕೊಳ್ಳಿ. ಪಿಪರೀನ್ ಅರಿಶಿನವನ್ನಷ್ಟೇ ಅಲ್ಲ, ನೀವು ನುಂಗುವ ಬೇರೆ ಕೆಲವು ಮಾತ್ರೆಗಳನ್ನೂ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಸುತ್ತದೆ. ನಮ್ಮಮ್ಮನೂ ಮಂಡಿನೋವು ಅಂತ ಒಂದು ಬಾಟಲಿ ಕೇಳಿದರು. ಅವರು ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ಹಾಗಾಗಿ ಕೊಡಲಿಲ್ಲ. ಇನ್ನೂ ಮುನಿಸು ಇಳಿದಿಲ್ಲ.