ಡೀಸೆಲ್ ಇಂಜಿನ್ ಕೂರಿಸಿದ ಹಳೇ ಜೀಪು ಕೊಳ್ಳುವ ಮುನ್ನ ಅಡಿಗೆ ಮಲಗಿ ನೋಡಿ

ತೋಟಕ್ಕೆ, ಗುಡ್ಡದ ದಾರಿಗೆ ಅಂತ ಹಳೇ ಜೀಪು ಹುಡುಕುತ್ತಿರುವ ಮಲೆನಾಡಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಹೀಂದ್ರಾದ ಹಳೇ ಸಿಜೆ-3ಬಿ, ಅದಕ್ಕೆ ಬೊಲೆರೊದ 2523 ಸಿಸಿ ಡೀಸೆಲ್ ಇಂಜಿನ್, ಅಗಲದ ಟೈರು, ಮುಂದೆ ವಿಂಚು, ಮೇಲೆ ಹೊಸ ಪೇಂಟು. ತೀರ್ಥಹಳ್ಳಿ ಕಡೆಯಿಂದ ಅಂಥದ್ದೊಂದು ನಮ್ಮ ಮನೆಗೂ ಬಂತು. ಆಗುಂಬೆ ಘಾಟಿಯಲ್ಲಿ ಅದು ನನ್ನನ್ನೂ ನನ್ನ ತಮ್ಮನನ್ನೂ ಕೊಲ್ಲುವುದೊಂದು ಬಾಕಿ.

ಮಾರಿದವರು ತೋರಿಸಿದ್ದೆಲ್ಲ ಇಂಜಿನ್ನನ್ನೇ. "ಯಾವ ದಿಬ್ಬ ಬೇಕಾದ್ರೂ ಹತ್ತಿಸಿ ನೋಡಿ ಮಾರಾಯ್ರೇ" ಅಂದರು. ಹತ್ತಿತು, ಅದರಲ್ಲಿ ಸುಳ್ಳಿಲ್ಲ. ಗೋಳೆಲ್ಲ ಇಳಿಜಾರಿನಲ್ಲಿತ್ತು.

ಈ ಜೀಪಿಗೆ ಕಂಪನಿ ಕೊಟ್ಟದ್ದು 2199 ಸಿಸಿಯ ಪೆಟ್ರೋಲ್ ಇಂಜಿನ್. ಬ್ರೇಕು ಅದಕ್ಕೆ ತಕ್ಕದ್ದು: ನಾಲ್ಕೂ ಚಕ್ರಕ್ಕೆ ಡ್ರಮ್, ಕಾಲಿನ ಒತ್ತು ಹೆಚ್ಚಿಸುವ ಬೂಸ್ಟರ್ ಇಲ್ಲ, ನಾಲ್ಕಕ್ಕೂ ಸೇರಿ ಒಂದೇ ಲೈನು. ಎಲ್ಲಾದರೂ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ಇಂಜಿನ್ ಬದಲಿಸಿದವರು ಇದ್ಯಾವುದಕ್ಕೂ ಕೈ ಹಾಕಿರಲಿಲ್ಲ. ಮೂತಿಯ ಮೇಲೆ ಭಾರದ ಡೀಸೆಲ್ ಇಂಜಿನ್, ಅಡಿಯಲ್ಲಿ ದೊಡ್ಡ ಟೈರು, ನಿಲ್ಲಿಸಲಿಕ್ಕೆ ಮಾತ್ರ ಅದೇ ಹಳೇ ಡ್ರಮ್ಮು. ಸಾಲದ್ದಕ್ಕೆ ಸೈಲೆನ್ಸರ್ ಪೈಪನ್ನು ಜಾಗ ಸಿಕ್ಕಲ್ಲಿ ಬಗ್ಗಿಸಿ ಬ್ರೇಕಿನ ಹೋಸಿಗೆ ತಾಗುವ ಹಾಗೆ ಎಳೆದಿದ್ದರು. ಆ ಬಿಸಿಗೆ ರಬ್ಬರು ಬೆಂದು ಬಿರಿದಿತ್ತು.

ಸೋಮೇಶ್ವರಕ್ಕೆ ಇಳಿಯುತ್ತಿದ್ದೆವು, ಓಡಿಸುತ್ತಿದ್ದದ್ದು ತಮ್ಮ. ಹದಿನಾಲ್ಕು ತಿರುವಿನ ಆ ಘಾಟಿಯಲ್ಲಿ, ಇನ್ನೂ ಮೇಲಿನ ತಿರುವುಗಳಲ್ಲೇ ಇದ್ದಾಗ ಪೆಡಲ್ ನೆಲ ಮುಟ್ಟಿತು. "ಅಣ್ಣಾ, ಬ್ರೇಕ್ ಇಲ್ಲ" ಅಂದ ತಮ್ಮ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಈ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಇರುವುದಿಲ್ಲ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಒಂದು ಡ್ರಮ್ಮಿಗೆ ಇರುತ್ತದೆ. ಅಲ್ಲಿನ ಸೀಲು ಸೋರಿ ಡ್ರಮ್ಮೆಲ್ಲ ಗೇರ್ ಆಯಿಲ್ ಆಗಿತ್ತು. ಹಿಡಿಯಲೇ ಇಲ್ಲ. ತಮ್ಮ ಗೇರ್ ಇಳಿಸಿ, ಧರೆಯ ಕಡೆ ತಿರುಗಿಸಿ ಚರಂಡಿಗೆ ಹಾಕಿದ. ಇನ್ನೊಂದು ಬದಿಯಲ್ಲಿ ಏನಿದೆ ಅಂತ ಆ ಘಾಟಿ ಇಳಿದವರಿಗೆ ಹೇಳಬೇಕಿಲ್ಲ. ಅವನ ಕೈ ಮುರಿಯಿತು, ಜೀವ ಉಳಿಯಿತು. ಅವನ ಜಾಗದಲ್ಲಿ ಇನ್ಯಾರಾದರೂ ಇದ್ದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಗಾಡಿ ಎತ್ತಿ ತಂದಮೇಲೆ ನಮ್ಮೂರ ಮೇಸ್ತ್ರಿ ಒಂದೊಂದೇ ತೋರಿಸಿದರು. ಇಂಜಿನ್ ಫೌಂಡೇಶನ್ನಿನ ವೆಲ್ಡಿಂಗ್ ಪಕ್ಕದಲ್ಲೇ ಚಾಸಿ ಸೀಳಿತ್ತು. ಶಾಫ್ಟ್ ಓರೆಯಾಗಿ ಕೂತು ಅದರ ತುದಿಯ ಕೀಲು, ಅಂದರೆ ಕ್ರಾಸು, ಸವೆದುಹೋಗಿತ್ತು. "ಇಂಜಿನ್ ಒಂದೇ ಹೊಸ ಕಾಲದ್ದು ಅಣ್ಣಾ, ಉಳಿದದ್ದೆಲ್ಲ ಅಜ್ಜನ ಕಾಲದ್ದು" ಅಂದರು.

ಮುಂದಿನದು ಕಾಗದದ ಕತೆ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನೊಳಗೆ ಡೀಸೆಲ್. "ಎಂಟ್ರಿಗೆ ಕೊಟ್ಟಾಗಿದೆ, ಬರುತ್ತೆ" ಅಂತ ಮಾರಿದವರು ಹೇಳಿದ್ದರು. ಆರ್‌ಸಿಯಲ್ಲಿ ಇಂಜಿನ್ ಬದಲಿಸಿ ಬರೆಸಲು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಇನ್ಶೂರೆನ್ಸ್ ಸರ್ವೇಯರು ಇಂಜಿನ್ ನಂಬರ್ ತಾಳೆ ನೋಡಿದರು, ಕ್ಲೇಮು ಅಲ್ಲಿಗೇ ನಿಂತಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನೇ ಎತ್ತಿ ಹಿಡಿದಿದೆ. ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ಹೊರೆ ಬೀಳುವುದು ಗಾಡಿಯ ಮಾಲೀಕನ ಮೇಲೆ.

"ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸಿಕೊಳ್ಳಿ" ಎಂಬ ಮಾತನ್ನೂ ನಂಬಬೇಡಿ. 2021ರ ನಿಯಮದಲ್ಲಿ ಅದು ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ. ಸಿಕ್ಕಿದರೂ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ದಿನಾ ಓಡಿಸುವಂತಿಲ್ಲ.

ನಮ್ಮ ಜೀಪಿನ ಇಂಜಿನ್ ಬದಲಿಸಿದ ಅದೇ ಗ್ಯಾರೇಜಿನಲ್ಲಿ ಇನ್ನೊಂದು ಜೀಪು ತಯಾರಾಗುತ್ತಿದೆ, ಹೊಸನಗರ ಕಡೆಯವರು ನೋಡಿಕೊಂಡು ಹೋಗಿದ್ದಾರೆ ಅಂತ ಸುದ್ದಿ. ನೋಡಲು ಹೋಗುವವರು ಇಂಜಿನ್ ನಂಬರನ್ನು ಆರ್‌ಸಿ ಜೊತೆ ಹಿಡಿದು ನೋಡಿ. ಇಂಜಿನ್ ಯಾವ ಗಾಡಿಯಿಂದ ಬಂತು, ಅದರ ಕಾಗದ ಎಲ್ಲಿ ಅಂತ ಕೇಳಿ. ಟಾರ್ಚ್ ಹಿಡಿದು ಅಡಿಗೆ ಮಲಗಿ, ಬ್ರೇಕ್ ಪೈಪು ಸೈಲೆನ್ಸರಿನಿಂದ ಎಷ್ಟು ದೂರ ಇದೆ ನೋಡಿ. ಹತ್ತಿಸಿ ತೋರಿಸುತ್ತೇನೆ ಅಂದರೆ ಬೇಡ ಅನ್ನಿ, ಇಳಿಸಿ ನಿಲ್ಲಿಸಿ ತೋರಿಸಲು ಹೇಳಿ.