ಒಟಿಪಿ, ಆಪ್, ಕೀ: ಮೂರನ್ನೂ ಬಳಸಿ ನೋಡಿದೆ

ನಮ್ಮ ಕಂಪನಿಯ ಲೆಕ್ಕಪತ್ರ ವಿಭಾಗ ಇರುವುದು ನೆಲಮಾಳಿಗೆಯಲ್ಲಿ. ಬ್ಯಾಂಕಿನ ಒಟಿಪಿ ಬೇಕೆಂದರೆ ಫೋನ್ ಹಿಡಿದು ಮೆಟ್ಟಿಲ ಹತ್ತಿರ ಓಡಬೇಕು, ಸಿಗ್ನಲ್ ಸಿಗುವುದು ಅಲ್ಲೇ. ಎಸ್‌ಎಂಎಸ್ ಒಟಿಪಿ ಮೇಲೆ ನನಗಿದ್ದ ಮೊದಲ ಸಿಟ್ಟು ಇಷ್ಟೇ. ಅದಕ್ಕೇ ಆಫೀಸಿನ ಮೇಲ್‌ಗೆ ಇನ್ನೆರಡನ್ನು ಬಳಸಿ ನೋಡಿದೆ: ಲಾಗಿನ್‌ಗೆ ಬೇಕಾದ ನಂಬರನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆಪ್, ಆಮೇಲೆ ಯುಎಸ್‌ಬಿ ಸೆಕ್ಯುರಿಟಿ ಕೀ, ಅಂದರೆ ಲಾಗಿನ್ ಆಗುವಾಗ ಕಂಪ್ಯೂಟರಿಗೆ ಚುಚ್ಚಿ ಮುಟ್ಟುವ ಪುಟ್ಟ ಸಾಧನ.

ಎಸ್‌ಎಂಎಸ್ ಅನ್ನು ಯಾರಿಗೂ ಕಲಿಸಬೇಕಾಗಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಅದು ಬರುವುದು ನಂಬರಿಗೆ, ನಮಗಲ್ಲ. ನಮ್ಮ ಹೆಸರಲ್ಲಿ ಯಾರೋ ಡೂಪ್ಲಿಕೇಟ್ ಸಿಮ್ ತೆಗೆಸಿದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಸಿಮ್ ಕೂಡ ಮುಟ್ಟಲಿಲ್ಲ. ಮೊಬೈಲ್ ಜಾಲಗಳ ನಡುವಿನ ಎಸ್‌ಎಸ್7 ವ್ಯವಸ್ಥೆಯಿಂದಲೇ ಒಟಿಪಿ ತಮ್ಮ ಕಡೆ ತಿರುಗಿಸಿಕೊಂಡು ಬ್ಯಾಂಕ್ ಖಾತೆಗಳಿಂದ ಹಣ ಎತ್ತಿದರು.

ಆಪ್‌ಗೆ ಸಿಗ್ನಲ್ ಬೇಡ. ಫೋನಿನೊಳಗಿನ ಗುಟ್ಟಿನ ಕೋಡ್ ಮತ್ತು ಆ ಹೊತ್ತಿನ ಸಮಯ ಸೇರಿಸಿ 30 ಸೆಕೆಂಡಿಗೊಂದು ಹೊಸ ನಂಬರ್ ಕೊಡುತ್ತದೆ. ಮೊದಲ ದಿನ ನನ್ನ ಎಲ್ಲ ನಂಬರೂ ತಪ್ಪು ಅಂತ ಬಂತು! ಆಫೀಸಿಗೆ ತಡವಾಗದಿರಲಿ ಅಂತ ಫೋನಿನ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದೆ ನೋಡಿ, ಅದರ ಫಲ. ಸರಿಮಾಡಿದ ಮೇಲೆ ತೊಂದರೆಯಿಲ್ಲ.

ಇಷ್ಟೇ ಸಾಕು ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಐಟಿ ಹುಡುಗರು ಪರೀಕ್ಷೆಗೆಂದು ನಕಲಿ ಲಾಗಿನ್ ಪುಟವೊಂದನ್ನು ಕಳಿಸಿದರು. ವಿಳಾಸದಲ್ಲಿ ಒಂದೇ ಅಕ್ಷರ ಬೇರೆ. ಪಾಸ್‌ವರ್ಡ್ ಹಾಕಿದೆ, ಆಪ್‌ನ ನಂಬರನ್ನೂ ಸುಮ್ನೆ ಹಾಕಿಬಿಟ್ಟೆ. ಕಣ್ಣಿಗೆ ಕಾಣುವ ನಂಬರನ್ನು ನಾವೇ ಕಳ್ಳರ ಕೈಗೆ ಕೊಡಬಹುದು, ಅಲ್ವಾ?

ಕೀಯಲ್ಲಿ ಕೊಡಲು ನಂಬರೇ ಇಲ್ಲ. ಅದೇ ಪುಟದಲ್ಲಿ ಕೀ ಚುಚ್ಚಿ ಮುಟ್ಟಿದೆ, ಏನೂ ಆಗಲಿಲ್ಲ. ನೋಂದಾಯಿಸಿದ ವಿಳಾಸಕ್ಕೆ ಮಾತ್ರ ಅದು ಉತ್ತರ ಕೊಡುವುದು; ನನ್ನ ಕಣ್ಣು ಮೋಸ ಹೋದರೂ ಅದು ಹೋಗುವುದಿಲ್ಲ. 2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಮೂವರು ನೌಕರರು ಇಂಥದೇ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರು. ಕೀ ಇದ್ದದ್ದರಿಂದ ಕಳ್ಳರು ಒಳಗೆ ಬರಲಾಗಲಿಲ್ಲ.

ಖರ್ಚು ಜಾಸ್ತಿ, ನಿಜ. ಕಳೆದುಹೋದರೆ ಅಂತ ಎರಡು ಇಟ್ಟುಕೊಳ್ಳಲೇಬೇಕು. ಮೇಲ್‌ಗೆ ಈಗ ನನ್ನದು ಕೀ ಮಾತ್ರ. ನಮ್ಮ ಬ್ಯಾಂಕ್ ಇನ್ನೂ ಅದನ್ನು ಒಪ್ಪುತ್ತಿಲ್ಲ. ಅಲ್ಲಿಗೆ ಹಳೇ ಒಟಿಪಿಯೇ ಗತಿ. ಹಾಕುವ ಮೊದಲು ವಿಳಾಸದ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ 'ಡಾಟ್ ಬ್ಯಾಂಕ್ ಡಾಟ್ ಇನ್' ಇದೆಯಾ ಅಂತ ನೋಡಿಕೊಳ್ಳುತ್ತೇನೆ. ಆಮೇಲೆ ಮೆಟ್ಟಿಲ ಕಡೆಗೆ ಓಟ.